ಎರಡನೇ ಗಾಳಿಗೆ ಆಂಟಿ ನಕ್ಕದ್ದು

ಡಾಕ್ಟರ್ ಅಂಕಲ್ ಫೋನಿನಲ್ಲಿ ಹೆಸರು ಹೇಳುತ್ತಿರಲಿಲ್ಲ. ಹಲೋ ಎನ್ನುವುದೂ ಇಲ್ಲ. ಮೊದಲು ಗಂಟಲು ಕೆರೆದ ಸದ್ದು, ಒಂದು ಉಸಿರಿನಷ್ಟು ಮೌನ, ಆಮೇಲೆ ‘ಹಾಂ. ನಾ.’ ಅಷ್ಟೇ. ನಲವತ್ತು ವರ್ಷ ಒಂದೇ ಊರಿನಲ್ಲಿ ವೈದ್ಯರಾಗಿದ್ದು, ಸುತ್ತಲಿನ ಅರ್ಧ ಜನರ ಎದೆಗೆ ಸ್ಟೆತಸ್ಕೋಪ್ ಇಟ್ಟವರು. ‘ನಾ’ ಅಂದರೆ ಯಾರು ಎಂಬುದು ಲೋಕಕ್ಕೆ ಗೊತ್ತಿರಲೇಬೇಕು ಎಂದು ನಂಬಿದ್ದರು. ಆ ಎರಡು ಮಾತು ಕಲಿಯಲು ನನಗೆ ಒಂದು ಮಧ್ಯಾಹ್ನ ಸಾಕಾಯಿತು. ಮರೆಯಲು ಇನ್ನೂ ಆಗಿಲ್ಲ.

ನಾನು ಎಂ.ಎಸ್. ಓದಲು ಅಮೆರಿಕದ ರಾಲಿಗೆ ಬಂದದ್ದು ಎರಡು ಸಾವಿರದ ಎಂಟರಲ್ಲಿ. ತಂದ ಆಸ್ತಿ ಎರಡು ಸೂಟ್‌ಕೇಸು, ಒಂದು ಗಂಟಲು. ನಿದ್ದೆಗಣ್ಣಿನ ಪ್ರೊಫೆಸರ್, ಮೈಕು ಸಿಕ್ಕರೆ ಮೂರು ಸಲ ಊದಿ ನೋಡುವ ಕನ್ನಡ ಸಂಘದ ಅಧ್ಯಕ್ಷರು, ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಮಾತ್ರ ಮೆತ್ತಗಾಗುವ ರೂಮ್‌ಮೇಟ್, ಯಾರನ್ನೂ ಅಣಕಿಸದೆ ಬಿಡುತ್ತಿರಲಿಲ್ಲ. ನನ್ನನ್ನೂ ಬಿಡುತ್ತಿರಲಿಲ್ಲ. ಕೆಲಸದ ಇಂಟರ್‌ವ್ಯೂನಲ್ಲಿ ನನ್ನ ಮೂಗಿನಿಂದ ಹೊರಡುತ್ತಿದ್ದ ಹೊಸ ಅಮೆರಿಕನ್ ಇಂಗ್ಲಿಷನ್ನು ನಾನೇ ಮಾಡಿ ತೋರಿಸಿದಾಗಲೇ ಜನ ಹೆಚ್ಚು ನಗುತ್ತಿದ್ದದ್ದು. ಐವತ್ತೆರಡು ಕಿಲೋ ಮೈ, ಅದರಲ್ಲಿ ಹತ್ತಾರು ಜನರ ಧ್ವನಿ. ನನಗೆ ಅದರ ಬಗ್ಗೆ ಬಹಳ ಜಂಬವಿತ್ತು.

ಡಾಕ್ಟರ್ ಅಂಕಲ್ ಮತ್ತು ಆಂಟಿ ರಾಲಿಯಿಂದ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಊರಿನಲ್ಲಿದ್ದರು. ಧಾರವಾಡ ಕಡೆಯವರು, ಎಪ್ಪತ್ತರ ದಶಕದ ಆರಂಭದಲ್ಲೇ ಬಂದವರು. ಒಬ್ಬಳೇ ಮಗಳು ದೂರದ ಸಿಯಾಟಲ್‌ನಲ್ಲಿದ್ದಳು. ಕಂಪ್ಯೂಟರಿಗೆ ಪ್ರಿಂಟರ್ ಜೋಡಿಸಿಕೊಡುವ ನೆಪದಲ್ಲಿ ಸಂಘದವರು ನನ್ನನ್ನು ಅವರಿಗೆ ಗಂಟು ಹಾಕಿದರು. ಕೂಲಿಯ ರೂಪದಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ. ಪ್ರಿಂಟರ್ ಎಷ್ಟು ನಿಧಾನವಾಗಿ ಸರಿಹೋಗಬೇಕೋ ಅಷ್ಟು ನಿಧಾನವಾಗಿ ಸರಿಮಾಡಿದೆ.

ಅವರ ಊಟದ ಮೇಜಿನ ಹಿಂದಿನ ಗೋಡೆಯಲ್ಲಿ ಆ ಕೌಂಟಿಯ, ಅಂದರೆ ಜಿಲ್ಲೆಯ, ರಸ್ತೆ ನಕ್ಷೆ ಇತ್ತು. ಅದರ ಮೇಲೆ ನೈಋತ್ಯದಿಂದ ಈಶಾನ್ಯಕ್ಕೆ ಎಳೆದ ಒಂದು ಕೆಂಪು ಪೆನ್ಸಿಲ್ ಗೆರೆ. ಎಂಬತ್ತನಾಲ್ಕರ ವಸಂತದಲ್ಲಿ ಸುಂಟರಗಾಳಿ ನಡೆದುಹೋದ ದಾರಿ ಅದು. ಮನೆಗೆ ಹೊಸಬರು ಯಾರೇ ಬಂದರೂ ಅಂಕಲ್ ಆ ಗೆರೆಯ ಮೇಲೆ ಬೆರಳಿಟ್ಟು ಕಥೆ ಶುರುಮಾಡುತ್ತಿದ್ದರು. ಸಂಜೆ ಹೊತ್ತು, ಅಂಕಲ್ ಆಸ್ಪತ್ರೆಯಲ್ಲಿ, ಮಗಳು ರಾಲಿಯ ಗೆಳತಿಯ ಮನೆಯಲ್ಲಿ, ಆಂಟಿ ಒಬ್ಬರೇ. ಪಕ್ಕದ ಊರಿನಿಂದ ಗಾಯಗೊಂಡವರನ್ನು ಹೊತ್ತ ಮೊದಲ ಆಂಬುಲೆನ್ಸ್ ಬಂತು. ಡ್ರೈವರ್ ತೋರಿಸಿದ ದಿಕ್ಕು ನೋಡಿ, ಗಾಳಿ ತಮ್ಮ ಮನೆಯ ಕಡೆಗೇ ಹೊರಟಿದೆ ಎಂದು ಲೆಕ್ಕ ಹಾಕಿ, ಮನೆಗೆ ಫೋನ್ ಮಾಡಿದರು.

‘ಹಾಂ. ನಾ. ಬಚ್ಚಲಮನಿಗೆ ನಡಿ. ಟಬ್ಬಿನ್ಯಾಗ ಮಲಕೋ. ಗಾದಿ ಮ್ಯಾಲ ಎಳಕೋ. ನಾ ಮತ್ತ ಫೋನ್ ಮಾಡೂತನಾ ಏಳಬ್ಯಾಡ.’

‘ರೊಟ್ಟಿ ಹಂಚಿನ ಮ್ಯಾಲ ಐತ್ರೀ’ ಎಂದರಂತೆ ಆಂಟಿ.

‘ಸುಡ್ಲಿ ಬಿಡು.’

ಆಂಟಿ ತವರಿನಿಂದ ತಂದಿದ್ದ ಹತ್ತಿಯ ಗಾದಿಯನ್ನು ಎಳೆದುಕೊಂಡು ಹೋಗಿ ಟಬ್ಬಿನಲ್ಲಿ ಮಲಗಿದರು. ನೂರು ಹಿಟ್ಟಿನ ಗಿರಣಿ ಒಟ್ಟಿಗೇ ಶುರುವಾದಂಥ ಸದ್ದು. ಎದ್ದು ನೋಡಿದರೆ ಮನೆಗೆ ಅರ್ಧ ಮಾಡು ಇರಲಿಲ್ಲ, ಎದುರಿನ ತಂಬಾಕಿನ ಕೊಟ್ಟಿಗೆ ಇರಲಿಲ್ಲ, ಪೈನ್ ಮರಗಳೆಲ್ಲ ನಡುವಿಗೆ ಮುರಿದಿದ್ದವು. ಆಂಟಿಗೆ ಒಂದು ಗೀರೂ ಇಲ್ಲ. ಕಥೆಯ ಕೊನೆಯಲ್ಲಿ ಅಂಕಲ್ ಬೆರಳೆತ್ತಿ, ‘ಒಂದು ಫೋನ್ ಕಾಲ್. ಅಷ್ಟ’ ಎನ್ನುತ್ತಿದ್ದರು. ಎಲ್ಲಿ ನಿಲ್ಲಿಸುತ್ತಾರೆ, ಎಲ್ಲಿ ಚಹಾ ಹೀರುತ್ತಾರೆ ಎಂಬುದು ಎರಡನೆಯ ಸಲಕ್ಕೇ ನನಗೆ ಬಾಯಿಪಾಠವಾಗಿತ್ತು.

ಅಂಕಲ್ ಎದುರಿಗೆ ಮಾತ್ರ ಅಂಕಲ್ ಧ್ವನಿ ತೆಗೆಯುತ್ತಿರಲಿಲ್ಲ. ತಮ್ಮನ್ನು ನೋಡಿ ನಕ್ಕವರ ಜೊತೆ ಅವರು ಮತ್ತೆ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಶನಿವಾರ ಮಧ್ಯಾಹ್ನ ಅವರು ಬಡವರ ಉಚಿತ ಕ್ಲಿನಿಕ್ಕಿಗೆ ಹೋಗುತ್ತಿದ್ದರು, ಆಂಟಿ ಒಬ್ಬರೇ ಇರುತ್ತಿದ್ದರು. ಒಂದು ಶನಿವಾರ ರಾಲಿಯ ನನ್ನ ರೂಮಿನಿಂದ ಫೋನ್ ಮಾಡಿ ಗಂಟಲು ಕೆರೆದೆ. ‘ಹಾಂ. ನಾ. ಚಸ್ಮಾ ಮರತು ಬಂದೀನಿ, ಎಲ್ಲಿ ಐತಿ ನೋಡು.’ ಆಂಟಿ ಮನೆಯೆಲ್ಲ ಹುಡುಕಿದರು. ಸಂಜೆ ಅಂಕಲ್ ಚಸ್ಮಾ ಹಾಕಿಕೊಂಡೇ ಒಳಗೆ ಬಂದಾಗ ಆಂಟಿಗೆ ವಿಷಯ ಹೊಳೆಯಿತು. ಅಂಕಲ್‌ಗೆ ಹೇಳಲಿಲ್ಲ. ಮರುದಿನ ನನಗೆ ಫೋನ್ ಮಾಡಿದರು.

‘ಸುಳ್ಳ ಮಗನ, ನೀನ ಹೌದಲ್ಲೋ?’

‘ಸಾರಿ ಆಂಟಿ. ಬೇಜಾರಾಯ್ತಾ?’

‘ಇನ್ನೊಮ್ಮೆ ಮಾಡು. ಈ ಸಲ ಗೊತ್ತಿದ್ದು ಕೇಳ್ತೀನಿ.’

ಅಲ್ಲಿಂದ ಅದು ಪ್ರತಿ ಶನಿವಾರದ ಪದ್ಧತಿಯಾಯಿತು. ನಾನು ಅಂಕಲ್ ಆಗಿ ಉಪ್ಪು ಕಡಿಮೆ ಎಂದು ಬೈಯುವುದು, ಅವರು ಜನ್ಮದಲ್ಲಿ ಅಂಕಲ್‌ಗೆ ಕೊಡಲಾಗದ ಉತ್ತರಗಳನ್ನೆಲ್ಲ ನನಗೆ ಕೊಡುವುದು. ಅವರಿಗೆ ಬಹಳ ಇಷ್ಟವಾದದ್ದು ಸುಂಟರಗಾಳಿಯ ಫೋನು. ನಾನು ‘ಬಚ್ಚಲಮನಿಗೆ ನಡಿ’ ಎನ್ನುವಷ್ಟರಲ್ಲೇ ಅವರ ನಗು ಶುರುವಾಗಿರುತ್ತಿತ್ತು. ‘ರೊಟ್ಟಿ ಹಂಚಿನ ಮ್ಯಾಲ ಐತಿ, ಆಮ್ಯಾಲ ಮಾಡೋ ಸುಳ್ಳ ಮಗನ’ ಎಂದು ಫೋನ್ ಇಟ್ಟುಬಿಡುತ್ತಿದ್ದರು. ಅದು ಅವರ ಪಾತ್ರದ ಕೊನೆಯ ಮಾತು.

ಎರಡು ಸಾವಿರದ ಹನ್ನೊಂದರ ಏಪ್ರಿಲ್‌ನ ಆ ಶನಿವಾರ ನಾನು ಫೋನ್ ಮಾಡಲಿಲ್ಲ. ಯೂನಿವರ್ಸಿಟಿಯ ಲೈಬ್ರರಿಯ ನೆಲಮಾಳಿಗೆಯಲ್ಲಿ ನೂರಾರು ಜನರ ಜೊತೆ ಕುಕ್ಕರುಗಾಲಿನಲ್ಲಿ ಕೂತಿದ್ದೆ. ರಾಲಿಯ ಮೇಲೂ ಸುಂಟರಗಾಳಿ ಬರುತ್ತಿತ್ತು. ಹೆದರಿದವರನ್ನು ನಗಿಸಲು ಟಿವಿಯ ಹವಾಮಾನದವನ ಧ್ವನಿ ಮಾಡುತ್ತಿದ್ದೆ. ಒಂದು ಹುಡುಗಿ ಅಳು ನಿಲ್ಲಿಸಿ ನಕ್ಕಳು. ನನಗೆ ಅದೇ ದೊಡ್ಡ ಸಾಧನೆ ಎನ್ನಿಸಿತು.

ಅದಕ್ಕಿಂತ ಸ್ವಲ್ಪ ಮುಂಚೆ, ದಕ್ಷಿಣಕ್ಕೆ ಮುಕ್ಕಾಲು ಗಂಟೆ ದೂರದಲ್ಲಿ, ಅಂಕಲ್ ಕ್ಲಿನಿಕ್ಕಿನಿಂದ ಮನೆಗೆ ಫೋನ್ ಮಾಡಿದ್ದರು. ಮನೆಯಲ್ಲಿದ್ದದ್ದು ಯಾರ ನಂಬರೂ ತೋರಿಸದ, ಗೋಡೆಗೆ ಹೊಡೆದ ಹಳೆಯ ಫೋನು. ಟಿವಿಯಲ್ಲಿ ನಾನೇ ತಂದುಕೊಟ್ಟಿದ್ದ ಕನ್ನಡ ಧಾರಾವಾಹಿಯ ಡಿವಿಡಿ ಓಡುತ್ತಿತ್ತು, ಹಾಗಾಗಿ ಎಚ್ಚರಿಕೆಯ ಸುದ್ದಿ ಆ ಮನೆಗೆ ಮುಟ್ಟಿರಲಿಲ್ಲ. ಅಂಕಲ್ ಗಂಟಲು ಕೆರೆದರು. ಇಪ್ಪತ್ತೇಳು ವರ್ಷದ ಹಿಂದೆ ಹೇಳಿದ್ದ ಮಾತನ್ನೇ ಒಂದಕ್ಷರ ಬಿಡದೆ ಹೇಳಿದರು. ಆಂಟಿ ನಕ್ಕರು. ಆಮ್ಯಾಲ ಮಾಡೋ ಸುಳ್ಳ ಮಗನ ಎಂದು ಫೋನ್ ಇಟ್ಟರು. ಅಂಕಲ್ ಮತ್ತೆ ಮಾಡಿದರು. ಅಷ್ಟರಲ್ಲಿ ಲೈನು ಸತ್ತಿತ್ತು.

ಅಡುಗೆಮನೆಯ ಗೋಡೆ ಆಂಟಿಯ ಮೇಲೆ ಬಿತ್ತು. ಸೊಂಟದ ಕೀಲು, ತೊಡೆಯ ಮೂಳೆ ಎರಡೂ ಮುರಿದವು. ಬಚ್ಚಲಮನೆ ಮಾತ್ರ ಇಟ್ಟಲ್ಲೇ ಇತ್ತು. ಮೂರು ದಿನದ ನಂತರ ನಾನು ಹೋಗಿ ನೋಡಿದಾಗ ಟಬ್ಬಿನ ಮೇಲಿನ ಸರಳಿನಲ್ಲಿ ಒಗೆದ ಟವೆಲ್ಲು ಮಡಿಕೆ ಕೆಡದೆ ನೇತಾಡುತ್ತಿತ್ತು.

ಆಸ್ಪತ್ರೆಯಲ್ಲಿ ಅಂಕಲ್ ಕಾಫಿ ತರಲು ಹೊರಗೆ ಹೋದ ಹೊತ್ತು ನೋಡಿ ಆಂಟಿ ನನಗೆ ಇದನ್ನೆಲ್ಲ ಹೇಳಿದರು. ನೋವಿನ ಔಷಧದಿಂದ ಅವರ ನಾಲಿಗೆ ದಪ್ಪವಾಗಿತ್ತು.

‘ನೀನ ಅಂದಕೊಂಡ್ನೋ. ಎಷ್ಟು ಚಂದ ಮಾಡ್ಯಾನ ಈ ಸಲ, ಅಂದಕೊಂಡೆ.’

ನನಗೆ ಯಾವ ಧ್ವನಿಯೂ ಸಿಗಲಿಲ್ಲ. ಕೊನೆಗೆ, ‘ಅಂಕಲ್‌ಗೆ ನಾನೇ ಹೇಳ್ತೀನಿ’ ಎಂದೆ.

‘ಹೇಳಬ್ಯಾಡ. ಮೂರು ವರ್ಷ ಇಬ್ಬರೂ ಕೂಡಿ ಅವರನ್ನ ನಗಾಡೀವಿ. ಗೊತ್ತಾದ್ರ ನಿನ್ನ ಮನಿಯೊಳಗ ಬಿಡೂದಿಲ್ಲ. ನೀ ಬರಲಿಲ್ಲಂದ್ರ ನಾ ಯಾರ ಕೂಡ ಮಾತಾಡ್ಲಿ?’

ನಾನು ಒಪ್ಪಿಕೊಂಡೆ. ಅವರ ಮೇಲಿನ ಪ್ರೀತಿಗೆ ಒಪ್ಪಿಕೊಂಡೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅಂಕಲ್ ಮುಖ ಎದುರಿಸಲು ನನಗೆ ಹೆದರಿಕೆಯಿತ್ತು, ಅಷ್ಟೇ ವಿಷಯ.

ಮನೆ ಮತ್ತೆ ಎದ್ದಿತು, ನಕ್ಷೆ ಮತ್ತೆ ಗೋಡೆಗೆ ಬಂತು. ಕೆಂಪು ಗೆರೆಯ ಪಕ್ಕದಲ್ಲಿ ಈಗ ಒಂದು ನೀಲಿ ಗೆರೆ. ಎರಡೂ ಹೆಚ್ಚುಕಡಿಮೆ ಒಂದೇ ದಿಕ್ಕು ಹಿಡಿದು, ಊರ ಅಂಚಿನಲ್ಲಿ, ಅಂಕಲ್ ಮನೆಗೆ ಸ್ವಲ್ಪ ಆಚೆ, ಒಂದನ್ನೊಂದು ದಾಟುತ್ತಿದ್ದವು. ಅಂಕಲ್ ಈಗ ಕಥೆ ಹೇಳುತ್ತಿರಲಿಲ್ಲ, ಹೋಲಿಸುತ್ತಿದ್ದರು. ‘ಇಲ್ಲಿ ತಗಡಿನ ಮನಿಗೋಳ ಸಾಲು ಇತ್ತು. ಮೊದಲನೇ ಗಾಳಿಗೆ ಹೋದವು. ಅದ ಜಾಗಾದಾಗ ಮತ್ತ ತಗಡಿನ ಮನಿ ತಂದಿಟ್ಟರು. ಎರಡನೇದಕ್ಕೂ ಅವ ಹೋದವು. ಬಡವರ ವಿಳಾಸ ಗಾಳಿಗೂ ಬಾಯಿಪಾಠ ಆಗ್ಯಾವ.’ ಮೊದಲ ಸಲ ತಂಬಾಕಿನ ಹೊಲ ಇದ್ದ ಕಡೆ ಎರಡನೇ ಸಲ ಹೊಸ ಬಡಾವಣೆ ಇತ್ತು. ಮೊದಲ ಸಲ ನಡುವಿಗೆ ಮುರಿದ ಪೈನ್‌ಗಳ ಜಾಗದಲ್ಲಿ ನೆಟ್ಟವು ಸರಿಯಾಗಿ ಮುರಿಯುವಷ್ಟು ಎತ್ತರ ಬೆಳೆದಿದ್ದವು. ಎಲ್ಲಕ್ಕೂ ಅವರ ಬಳಿ ವಿವರಣೆಯಿತ್ತು. ಒಂದಕ್ಕೆ ಬಿಟ್ಟು.

‘ಅಂದು ಏನೂ ಇರಲಿಲ್ಲ. ಇಂಥಾ ರಾಡಾರ್ ಇಲ್ಲ, ಸೆಲ್ ಫೋನ್ ಇಲ್ಲ. ಆಕಿ ಉಳದಳು. ಈ ಸಲ ಎಲ್ಲಾ ಇತ್ತು. ನಾ ಹೊತ್ತಿಗೆ ಸರಿಯಾಗಿ ಫೋನ್ ಮಾಡೇನಿ. ಆಕಿ ನಕ್ಕಳು. ನಲವತ್ತು ವರ್ಷ ನನಗ ‘ರೀ’ ಬಿಟ್ಟು ಮಾತಾಡಿದಾಕಿ ಅಲ್ಲ. ಅವತ್ತ ‘ಸುಳ್ಳ ಮಗನ’ ಅಂದಳು. ಯಾಕ?’

ಆಂಟಿಯನ್ನೂ ಕೇಳಿದ್ದರು. ‘ಹಂಗ ನಗು ಬಂತ್ರೀ’ ಎಂದಿದ್ದರು ಆಂಟಿ. ಡಾಕ್ಟರಾದವರಿಗೆ ಅದು ಉತ್ತರವಾಗಲಿಲ್ಲ, ಮರೆವಿನ ಲಕ್ಷಣವಾಯಿತು.

ನೆನಪಿನ ಪರೀಕ್ಷೆಗೆ ಆಂಟಿಯನ್ನು ರಾಲಿಗೆ ಡ್ರೈವ್ ಮಾಡಿಕೊಂಡು ಹೋದವನು ನಾನೇ. ಪರೀಕ್ಷೆ ಮಾಡುವ ಹುಡುಗಿ ಒಂದು ನಿಮಿಷದಲ್ಲಿ ಆದಷ್ಟು ಪ್ರಾಣಿಗಳ ಹೆಸರು ಹೇಳಿ ಎಂದಳು. ಆಂಟಿ ನನ್ನ ಕಡೆ ಬೆರಳು ತೋರಿಸಿ, ‘ಮಂಗ್ಯಾ’ ಎಂದು ಶುರುಮಾಡಿದರು. ನಗು ತಡೆಯಲಾಗದೆ ಅರ್ಧ ನಿಮಿಷ ಕಳೆದರು. ಹುಡುಗಿ ಏನೋ ಬರೆದುಕೊಂಡಳು. ನೆನಪಿಡಲು ಕೊಟ್ಟ ಮೂರು ಪದಗಳಲ್ಲಿ ಒಂದು ತಪ್ಪಿತು. ಫಲಿತಾಂಶ ಅತ್ತಲೂ ಅಲ್ಲ, ಇತ್ತಲೂ ಅಲ್ಲ ಎಂಬಂತೆ ಬಂತು. ಅಂಕಲ್ ಅದನ್ನು ಮರೆವು ಎಂದೇ ಓದಿಕೊಂಡರು.

ಆಮೇಲೆ ಮನೆಯಿಂದ ಒಂದೊಂದೇ ವಸ್ತು ಕಡಿಮೆಯಾಗತೊಡಗಿತು. ಒಲೆ ಹಚ್ಚುವ ನಾಲ್ಕು ತಿರುಗಣೆಗಳನ್ನು ಅಂಕಲ್ ಕಿತ್ತು ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಅವರು ನಡೆದರೆ ಟಕಟಕ ಸದ್ದು. ಊಟಕ್ಕೆ ಪ್ಯಾಕೆಟ್ಟಿನ ಚಪಾತಿ, ಮೈಕ್ರೋವೇವ್. ವರ್ಷಕ್ಕೊಮ್ಮೆ ಐದು ಗಂಟೆ ದೂರದ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಹೋಗುವುದು ನಿಂತಿತು, ಗುಂಪಿನಲ್ಲಿ ಆಂಟಿ ದಾರಿ ತಪ್ಪಿಸಿಕೊಳ್ಳುತ್ತಾರೆಂದು. ‘ಈ ವಾಕರ್ ಹಿಡಕೊಂಡು ನಾ ಎಷ್ಟು ದೂರ ಓಡಿಹೋಗ್ಲಿ ಹೇಳು’ ಎಂದರು ಆಂಟಿ ನನ್ನ ಬಳಿ. ಇಷ್ಟಾದರೂ ಬಾಯಿ ಬಿಡಲಿಲ್ಲ. ನನ್ನನ್ನು ಉಳಿಸಿಕೊಳ್ಳಲು ತಮ್ಮ ತಲೆ ಕೆಟ್ಟಿದೆ ಎನ್ನಿಸಿಕೊಳ್ಳುತ್ತಿದ್ದರು. ನಾನು ಶನಿವಾರ ಶನಿವಾರ ಹೋಗಿ ಸಂಘದ ಹೊಸ ಅಧ್ಯಕ್ಷರನ್ನು ಅಣಕಿಸಿ, ಪ್ಯಾಕೆಟ್ ಚಪಾತಿ ತಿಂದು ಬರುತ್ತಿದ್ದೆ. ಓದು ಮುಗಿದು ಕೆಲಸ ಸಿಕ್ಕಿತ್ತು, ಕಾರು ಬಂದಿತ್ತು. ಧೈರ್ಯ ಬಂದಿರಲಿಲ್ಲ.

ಮೊದಲನೆಯ ಗಾಳಿಗೆ ಮೂವತ್ತು ವರ್ಷ ತುಂಬುವ ಹೊತ್ತಿಗೆ ಊರಿನ ಲೈಬ್ರರಿಯವರು ಅಂಕಲ್‌ರನ್ನು ಕೇಳಿದರು, ಎರಡೂ ಗಾಳಿಗಳನ್ನು ಕಂಡವರು ನೀವು, ಬಂದು ಮಾತಾಡಿ ಎಂದು. ಅಂಕಲ್ ಹೇಳುತ್ತಾ ಹೋಗುವುದು, ನಾನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವುದು ಎಂದಾಯಿತು. ಎಡಗಡೆ ಎಂಬತ್ತನಾಲ್ಕರ ಗಾಳಿ, ಬಲಗಡೆ ಹನ್ನೊಂದರದು. ದಾರಿ, ಹೊತ್ತು, ಮರಗಳು, ತಗಡಿನ ಮನೆಗಳು, ಎಚ್ಚರಿಕೆ ಯಾರಿಗೆ ಹೇಗೆ ಮುಟ್ಟಿತು. ಆಂಟಿ ಪಕ್ಕದ ಕೋಣೆಯಲ್ಲಿ ಕಿಟಕಿಯ ಬಳಿ ಕೂತಿದ್ದರು, ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಲ್ಯಾಪ್‌ಟಾಪಿನ ಪಕ್ಕದಲ್ಲಿ ಒಂದು ಫಾರ್ಮು ಬಿದ್ದಿತ್ತು. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಒಂದು ವಸತಿಯದು. ಆಂಟಿಯ ಹೆಸರು ಬರೆದಾಗಿತ್ತು, ಸಹಿ ಮಾತ್ರ ಬಾಕಿ.

‘ಕಡೀ ಸಾಲು’ ಎಂದರು ಅಂಕಲ್. ‘ಮನಿಯೊಳಗಿನವರು ಏನು ಮಾಡಿದರು. ಎಡಕ್ಕ ಬರಿ: ಟಬ್ಬಿನ್ಯಾಗ ಮಲಗಿದಳು, ಉಳದಳು. ಬಲಕ್ಕ ಬರಿ: ಮಾತು ತಿಳೀಲಿಲ್ಲ. ಮರೆವು ಅವಾಗ ಶುರು ಆಗಿತ್ತು, ನಮಗ ಗೊತ್ತಾಗಲಿಲ್ಲ. ಜನಕ್ಕ ಉಪಯೋಗ ಆಗ್ತದ. ಬರಿ.’

ನನ್ನ ಬೆರಳು ಕೀಲಿಯ ಮೇಲೆ ನಿಂತುಬಿಟ್ಟಿತು.

‘ಯಾಕ, ಸ್ಪೆಲಿಂಗ್ ಬರೂದಿಲ್ಲೇನು?’

‘ಅಂಕಲ್, ಆಂಟಿಗೆ ಮರೆವಿಲ್ಲ. ಅವತ್ತು ಅವರು ಬೈದಿದ್ದು ನಿಮಗಲ್ಲ. ನನಗೆ.’

‘ನಿನಗ? ನೀ ಎಲ್ಲಿದ್ದಿ ಅವಾಗ?’

‘ರಾಲಿಯಲ್ಲಿ.’

ಅಂಕಲ್ ನನ್ನನ್ನು ನೋಡಿದ ರೀತಿ, ಮುಂದಿನ ಪರೀಕ್ಷೆಗೆ ನನ್ನನ್ನು ಕರೆದುಕೊಂಡು ಹೋಗುವವರ ಹಾಗಿತ್ತು. ಬಾಯಿಮಾತಿನಲ್ಲಿ ವಿವರಿಸಲು ಹೋದೆ, ನಾಲಿಗೆ ತೊಡರಿತು. ಬೇರೆ ದಾರಿ ಕಾಣಲಿಲ್ಲ. ಗಂಟಲು ಕೆರೆದೆ. ಒಂದು ಉಸಿರು ಬಿಟ್ಟೆ.

‘ಹಾಂ. ನಾ. ಬಚ್ಚಲಮನಿಗೆ ನಡಿ.’

ಪಕ್ಕದ ಕೋಣೆಯಿಂದ ಆಂಟಿಯ ನಗು ಬಂತು. ಅಭ್ಯಾಸಬಲದಿಂದ ಬಂದದ್ದು. ಅರ್ಧಕ್ಕೇ ನಿಂತಿತು.

ಅಂಕಲ್ ಬಾಗಿಲಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ. ‘ಇನ್ನೊಮ್ಮೆ ಅನ್ನು’ ಎಂದರು.

ಪೂರ್ತಿ ಹೇಳಿದೆ. ಟಬ್ಬು, ಗಾದಿ, ನಾ ಮತ್ತ ಫೋನ್ ಮಾಡೂತನಾ ಏಳಬ್ಯಾಡ. ಈ ಸಲ ಆ ಕೋಣೆಯಲ್ಲಿ ಸದ್ದಿರಲಿಲ್ಲ.

‘ನಾ ಹಿಂಗ ಮಾತಾಡ್ತೀನೇನು?’

‘ಹೌದು ಅಂಕಲ್.’

‘ಹಂಗಾರ ಆಕಿ ಜಾಗಾದಾಗ ನಾ ಇದ್ದಿದ್ದರೂ ನಗ್ತಿದ್ದೆ’ ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ. ಕೋಟಿನ ಜೇಬಿಗೆ ಕೈಹಾಕಿ ಒಲೆಯ ತಿರುಗಣೆಗಳನ್ನು ಒಂದೊಂದಾಗಿ ತೆಗೆದು ಫಾರ್ಮಿನ ಮೇಲಿಟ್ಟರು. ನಾಲ್ಕೂ. ‘ನೀ ಇನ್ನ ಹೊರಡು. ಇಲ್ಲಿ ಬರಬ್ಯಾಡ.’

ಹೊರಡುವಾಗ ಆಂಟಿಯ ಕೋಣೆಯ ಮುಂದೆ ನಿಂತೆ. ಅವರು ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. ‘ಯಾಕ ಹೇಳಿದ್ಯೋ?’ ಎಂದರು. ‘ಇನ್ನ ಶನಿವಾರ ನಾ ಏನು ಮಾಡ್ಲಿ?’

ಲೈಬ್ರರಿಯ ಭಾಷಣಕ್ಕೆ ನಾನು ಹೋಗಲಿಲ್ಲ. ಹೋದವರು ಹೇಳಿದ ಪ್ರಕಾರ ಅಂಕಲ್ ಪಟ್ಟಿ ತೋರಿಸಿದರಂತೆ, ಅದರಲ್ಲಿ ಕೊನೆಯ ಸಾಲೇ ಇರಲಿಲ್ಲವಂತೆ. ಯಾರೋ ಎದ್ದು, ನಿಮ್ಮ ಹೆಂಡತಿಗೆ ಫೋನ್ ಮಾಡಿದ ಕಥೆ ಹೇಳಿ ಎಂದಾಗ, ಅದು ಅಂಥಾ ದೊಡ್ಡದೇನಲ್ಲ ಎಂದು ಕೂತುಬಿಟ್ಟರಂತೆ. ಆಂಟಿ ಮಾತ್ರ ಆ ವಸತಿಗೆ ಹೋಗಲಿಲ್ಲ. ವಾಕರ್‌ಗೆ ಒರಗಿ ನಿಂತು ಮತ್ತೆ ರೊಟ್ಟಿ ಬಡಿಯುತ್ತಿದ್ದಾರೆ ಎಂದು ಸಂಘದ ಇನ್ನೊಬ್ಬ ಆಂಟಿಯಿಂದ ತಿಳಿಯಿತು. ನಾನು ತಿನ್ನದ ಆ ರೊಟ್ಟಿಗಳ ಲೆಕ್ಕ ಹಿಡಿದು ಸಮಾಧಾನ ಮಾಡಿಕೊಂಡೆ. ಒಂದೆರಡು ಶನಿವಾರ ಫೋನ್ ಎತ್ತಿಕೊಂಡು ನಂಬರಿನ ಕೊನೆಯ ಅಂಕಿಯವರೆಗೆ ಒತ್ತಿದ್ದೂ ಉಂಟು. ಯಾವ ಧ್ವನಿಯಲ್ಲಿ ಮಾತಾಡುವುದು ಎಂದು ತಿಳಿಯದೆ ಇಟ್ಟುಬಿಡುತ್ತಿದ್ದೆ.

ಕೆಲಸ ಬದಲಾಗಿ ಎರಡೂವರೆ ಗಂಟೆ ದೂರದ ಷಾರ್ಲಟ್‌ಗೆ ಬಂದೆ, ಹೊಸ ವಿಳಾಸವನ್ನು ಸಂಘದ ಪಟ್ಟಿಗೆ ಕೊಟ್ಟೆ. ಬ್ಯಾಲಂಟೈನ್ ಬಡಾವಣೆಯ ಆಫೀಸಿನಲ್ಲಿ ಹೊಸ ಬಾಸ್ ಬಂದಾಗಲೆಲ್ಲ ಹಳೆಯ ಸಹೋದ್ಯೋಗಿಗಳು ಊಟದ ಹೊತ್ತಿಗೆ ನನ್ನ ಸುತ್ತ ಕೂಡುತ್ತಾರೆ. ಇವತ್ತಿಗೂ ಎಲ್ಲರನ್ನೂ ಮಾಡುತ್ತೇನೆ. ಅದೊಂದು ಧ್ವನಿ ಬಿಟ್ಟು.

ಮೂರು ವರ್ಷದ ನಂತರದ ಚಳಿಗಾಲದಲ್ಲಿ ಆಂಟಿ ನ್ಯುಮೋನಿಯಾದಿಂದ ತೀರಿಕೊಂಡರು. ಸುದ್ದಿ ಬಂದದ್ದು ಸಂಘದ ವಾಟ್ಸಾಪ್ ಗುಂಪಿನಲ್ಲಿ, ಹೋಳಿಗೆ ಆರ್ಡರ್ ಮಾಡುವ ಎರಡು ಮೆಸೇಜುಗಳ ನಡುವೆ. ಅಂತ್ಯಸಂಸ್ಕಾರಕ್ಕೆ ಹೋಗಿ ಕೊನೆಯ ಸಾಲಿನಲ್ಲಿ ನಿಂತಿದ್ದೆ. ಅಂಕಲ್ ಒಮ್ಮೆ ತಲೆಯೆತ್ತಿದರು. ನನ್ನನ್ನು ನೋಡಿದರೋ, ನನ್ನ ಹಿಂದಿನ ಬಾಗಿಲನ್ನೋ ಗೊತ್ತಾಗಲಿಲ್ಲ.

ಅದಾಗಿ ಎರಡು ವಸಂತ ಕಳೆದಿತ್ತು. ಒಂದು ಮಧ್ಯಾಹ್ನ ಅಪಾರ್ಟ್‌ಮೆಂಟಿನಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ಆಕಾಶ ಹಳೆಯ ತಾಮ್ರದ ಪಾತ್ರೆಯ ತಳದಂತೆ ಹಸಿರುಗಟ್ಟಿತ್ತು. ಸುಂಟರಗಾಳಿಯ ಎಚ್ಚರಿಕೆ ಎಂದು ಸೆಲ್ ಫೋನು ಅರಚಿತು. ಆನ್‌ಲೈನ್ ಮೀಟಿಂಗಿನಲ್ಲಿದ್ದ ಎಲ್ಲರ ಫೋನೂ ಅರಚಿತು, ನಾನು ಆ ಅರಚುವಿಕೆಯನ್ನೇ ಅಣಕಿಸಿದೆ, ಎಲ್ಲರೂ ನಕ್ಕರು. ಆಗ ನನ್ನ ಫೋನು ರಿಂಗಾಯಿತು. ಯಾವುದೋ ಗೊತ್ತಿಲ್ಲದ ನಂಬರು. ಎತ್ತಿದೆ. ಗಂಟಲು ಕೆರೆದ ಸದ್ದು. ಒಂದು ಉಸಿರಿನಷ್ಟು ಮೌನ.

‘ಹಾಂ. ನಾ.’

ಧ್ವನಿ ಮೊದಲಿಗಿಂತ ತೆಳ್ಳಗಾಗಿತ್ತು, ನಡುವೆ ಎರಡು ಕಡೆ ಒಡೆಯುತ್ತಿತ್ತು. ನಾನು ಕಲಿತದ್ದು ಹಳೆಯ ಪ್ರತಿ.

‘ಟಿವಿ ನೋಡಾಕತ್ತೀನಿ. ಗಾಳಿ ನಿಮ್ಮ ಕಡೆ ಹೊಂಟೈತಿ. ಬಚ್ಚಲಮನಿಗೆ ನಡಿ. ಟಬ್ಬಿನ್ಯಾಗ ಮಲಕೋ. ಗಾದಿ ಮ್ಯಾಲ ಎಳಕೋ. ನಾ ಮತ್ತ ಫೋನ್ ಮಾಡೂತನಾ ಏಳಬ್ಯಾಡ.’

‘ಹೂಂ, ಅಂಕಲ್.’

ಅವರು ಇಟ್ಟರು. ಮೀಟಿಂಗ್ ಹಾಗೇ ಬಿಟ್ಟು ಎದ್ದು, ಮಂಚದ ಮೇಲಿನ ಹಾಸಿಗೆ ಎಳೆದೆ. ಬಾಗಿಲಲ್ಲಿ ಸಿಕ್ಕಿಕೊಂಡಿತು, ಮಡಚಿ ತುರುಕಿದೆ. ಈಗ ಐವತ್ತೆರಡು ಕಿಲೋ ಅಲ್ಲ, ಟಬ್ಬಿನಲ್ಲಿ ಮೊಣಕಾಲು ಮಡಚಿದರೂ ಹಿಡಿಸಲಿಲ್ಲ. ಹಾಸಿಗೆಯ ಕೆಳಗೆ ಕತ್ತಲೆ, ಸೋಪಿನ ವಾಸನೆ. ಗಿರಣಿಯ ಸದ್ದಿಗೆ ಕಿವಿಗೊಟ್ಟೆ. ಮಳೆಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಎಚ್ಚರಿಕೆ ಮುಗಿಯಿತು ಎಂದು ಸೆಲ್ ಫೋನು ತಿಳಿಸಿತು. ಆಫೀಸಿನವರು, ಎಲ್ಲಿ ಹಾರಿಹೋದೆಯೋ ಎಂದು ಮೆಸೇಜ್ ಮಾಡಿದರು. ನಾನು ಏಳಲಿಲ್ಲ. ಸೊಂಟ ಮರಗಟ್ಟಿತು, ಆಂಟಿಯ ಸೊಂಟ ನೆನಪಾಯಿತು, ಆಗಲೂ ಏಳಲಿಲ್ಲ.

ಮಳೆ ನಿಂತು ಬಹಳ ಹೊತ್ತಾದ ಮೇಲೆ ಮತ್ತೆ ಫೋನು ಬಂತು. ಗಂಟಲು ಕೆರೆದ ಸದ್ದು.

‘ಏಳು’ ಎಂದರು ಅಂಕಲ್.